ಬೀಗರ ಹದಿಮೂರು ದೊಣ್ಣೆ

ನಮ್ಮ ಬೀಗರು ಶಿವಲಿಂಗೇಗೌಡರು ಮಾತಾಡುವ ಮೊದಲು ಗದ್ದ ಎತ್ತಿ ಆಕಾಶ ನೋಡುತ್ತಿದ್ದರು. ಹೊಸಬರು ಇವರೇನೋ ದೇವರನ್ನು ನೆನೆಯುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗೆ. ಅಂಥದ್ದೇನೂ ಇರಲಿಲ್ಲ. ಬಾಯಿ ತುಂಬ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಕಡ್ಡಿಪುಡಿ ಸೇರಿದ ಕೆಂಪು ರಸ ತುಂಬಿರುತ್ತಿತ್ತು. ತಲೆ ನೆಟ್ಟಗಿಟ್ಟುಕೊಂಡು ಬಾಯಿ ಬಿಟ್ಟರೆ ಅದು ಎದುರಿಗಿದ್ದವನ ಅಂಗಿಯ ಮೇಲೆ ಬೀಳುವುದು ಖಂಡಿತ. ಅದಕ್ಕಾಗಿ ಮುಖ ಮೇಲೆ ಮಾಡಿ, ರಸವನ್ನು ಗಂಟಲ ಕಡೆಗೆ ಜಾರಿಸಿಕೊಂಡು, ಗುಳುಗುಳು ಅನ್ನುವ ಧ್ವನಿಯಲ್ಲಿ ಎರಡು ಮಾತು ಆಡುತ್ತಿದ್ದರು. ಆಮೇಲೆ ಪಕ್ಕಕ್ಕೆ ತಿರುಗಿ ಪಿಚಕ್ ಅಂತ ಉಗಿದು, ಕೈಯ ಹಿಂಭಾಗದಿಂದ ತುಟಿ ಒರೆಸಿ, ಅದೇ ಕೈಯನ್ನು ನನ್ನ ಹೆಗಲ ಮೇಲೆ ಹಾಕುತ್ತಿದ್ದರು. ನನ್ನ ಅರ್ಧದಷ್ಟು ಅಂಗಿಗಳ ಬಲಹೆಗಲ ಮೇಲೆ ಇವತ್ತಿಗೂ ಹೋಗದ ಕಲೆ ಇದೆ.

ನಾನು ಪಶುವೈದ್ಯ. ಚನ್ನಪಟ್ಟಣದಲ್ಲಿ ಮನೆ, ಅಕ್ಕೂರಿನ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ ಕೆಲಸ ಮಾಡಿ ನಿವೃತ್ತನಾದವನು. ಹಸುವಿನ ಹೊಟ್ಟೆಯೊಳಗೆ ತೋಳಿನ ತನಕ ಕೈ ಹಾಕಿ ಸತ್ತ ಕರು ಎಳೆದಿದ್ದೇನೆ. ಹುಳ ಬಿದ್ದ ಗೊರಸು ತೊಳೆದಿದ್ದೇನೆ. ಆಮೇಲೆ ಕೈ ತೊಳೆದುಕೊಂಡು ಅವರದೇ ಜಗಲಿಯ ಮೇಲೆ ಕೂತು ಮುದ್ದೆ ಉಂಡಿದ್ದೇನೆ. ನನಗೆ ಹೇಸಿಗೆ ಹುಟ್ಟಿಸುವುದು ಸುಲಭದ ಮಾತಲ್ಲ. ದನ ಗಲೀಜು ಮಾಡುವುದು ಅದಕ್ಕೆ ಬೇರೆ ದಾರಿ ಗೊತ್ತಿಲ್ಲದೆ. ಮನುಷ್ಯ ಮಾಡುವುದು ಇಷ್ಟಪಟ್ಟು, ರುಚಿ ನೋಡಿ. ಇದನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಿಸಿದವರು ನಮ್ಮ ಬೀಗರು.

ಅವರ ಮಗಳು ಶೋಭಾಳನ್ನು ನಮ್ಮ ಮಗನಿಗೆ ತಂದುಕೊಂಡಿದ್ದೆವು. ಮೂಲದಲ್ಲಿ ತಿಪ್ಪಸಂದ್ರದ ಕಡೆಯವರು, ಮಾಗಡಿಯಲ್ಲಿ ಮನೆ, ಮಾವಿನ ಮಂಡಿ. ಮರ ಹೂ ಬಿಟ್ಟಾಗಲೇ ತೋಟದ ಸುತ್ತ ಒಂದು ಸಲ ಓಡಾಡಿ, ಇಷ್ಟು ಕಾಯಿ ಬರುತ್ತದೆ ಅಂತ ಗುತ್ತಿಗೆ ಹಿಡಿಯುತ್ತಿದ್ದ ಆಸಾಮಿ. ನಮ್ಮ ಕಡೆ ಬೀಗರಿಗೆ ಬೀಗರು ಎದುರಾಡುವ ಹಾಗಿಲ್ಲ. ಊಟದ ಎಲೆಯಲ್ಲಿ ಕೂದಲು ಬಂದರೂ ನಗುತ್ತಾ ತೆಗೆದಿಡಬೇಕು. ಹೆಂಡತಿಯನ್ನು ಬೈಯಬಹುದು, ತಮ್ಮನನ್ನು ಬೈಯಬಹುದು, ಮಂತ್ರಿಯನ್ನು ಬೇಕಾದರೂ ಬೈಯಬಹುದು. ಹೆಣ್ಣು ಕೊಟ್ಟ ಬೀಗರ ಮುಂದೆ ಮುಖ ಸಿಂಡರಿಸಿದರೆ ಅದು ಮೂರು ತಲೆಮಾರಿಗೂ ಮಾತಾಗುತ್ತದೆ. ಹಾಗಾಗಿ ನನ್ನ ಅಸಹ್ಯವನ್ನೆಲ್ಲ ನಾನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ.

ಗಾಲ್ಫ್ ಆಟಕ್ಕೆ ನನ್ನನ್ನು ಎಳೆದವರೂ ಅವರೇ. ಬಿಡದಿಯ ಕೈಗಾರಿಕಾ ಪ್ರದೇಶ ದಾಟಿದ ಮೇಲೆ ಒಂದು ಲೇಔಟಿನಲ್ಲಿ ಸೈಟು ಕೊಂಡಿದ್ದರು. ಸೈಟಿನ ಜೊತೆಗೆ ಅಲ್ಲಿದ್ದ ಒಂಬತ್ತು ಗುಂಡಿಯ ಗಾಲ್ಫ್ ಮೈದಾನದ ಸದಸ್ಯತ್ವ ಪುಕ್ಕಟೆ. ಸದಸ್ಯರ ಜೊತೆ ಮನೆಯವರೊಬ್ಬರು ಆಡಬಹುದು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾಯಮಾನ ಗೌಡರದಲ್ಲ. ಹೆಂಡತಿ ಪುಟ್ಟತಾಯಮ್ಮ ಬರಲೊಪ್ಪಲಿಲ್ಲ. ನನ್ನನ್ನು ಕರೆದುಕೊಂಡು ಹೋದರು. ಇವರು ನಿಮ್ಮ ಮನೆಯವರಲ್ಲವಲ್ಲ ಅಂತ ಮ್ಯಾನೇಜರು ತಕರಾರು ತೆಗೆದಾಗ ಗೌಡರು ಆಕಾಶ ನೋಡಿ ಹೇಳಿದರು: “ಏನ್ ಸ್ವಾಮಿ, ಬೀಗ್ರು ಮನೆಯವ್ರಲ್ದೆ ಬೀದಿಯವ್ರಾ? ನನ್ ಮಗಳೇ ಅವ್ರ ಮನೇಲವ್ಳೆ. ಇನ್ನೇನ್ ಬೇಕು ನಿಮ್ಗೆ, ಜಾತಕ ತರ್ಬೇಕಾ?” ಮ್ಯಾನೇಜರು ತನ್ನ ಬಿಳಿ ಬೂಟು ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ನಾನು ಮನೆಯವನಾದೆ.

ಅವರ ದೊಣ್ಣೆಗಳ ಚೀಲವನ್ನು ಮುಂಬೈಯ ಒಬ್ಬ ಮಾವಿನ ವ್ಯಾಪಾರಿ ಕೊಟ್ಟಿದ್ದ. ಗಾಲ್ಫಿನಲ್ಲಿ ಹೊಡೆಯುವ ಕೋಲಿಗೆ ಕ್ಲಬ್ ಅನ್ನುತ್ತಾರೆ. ಗೌಡರು ಮಾತ್ರ ಕೊನೆಯ ತನಕ ದೊಣ್ಣೆ ಅಂದರು, ಅವರ ಬಾಯಲ್ಲಿ ಕೇಳಿ ಕೇಳಿ ನಾನೂ ಹಾಗೇ ಅನ್ನುತ್ತೇನೆ. ದೂರ ಹೊಡೆಯಲು ದಪ್ಪ ತಲೆಯ ಉದ್ದ ದೊಣ್ಣೆ, ಮಧ್ಯದ ದೂರಕ್ಕೆ ನಂಬರು ಹಾಕಿದ ಕಬ್ಬಿಣದ ದೊಣ್ಣೆಗಳು, ಮರಳಿನ ಗುಂಡಿಯಿಂದ ಚೆಂಡು ಎತ್ತಲು ಅಗಲ ಮುಖದ್ದೊಂದು, ಕೊನೆಯಲ್ಲಿ ಗುಂಡಿಗೆ ತಳ್ಳಲು ಮೊಂಡು ದೊಣ್ಣೆ. ಆ ಚೀಲದಲ್ಲಿ ಇವೆಲ್ಲ ಎರಡೆರಡು ಸಲ ಇದ್ದವು. ಪಂದ್ಯದ ದಿನ ಹದಿನಾಲ್ಕಕ್ಕಿಂತ ಹೆಚ್ಚು ಒಯ್ಯುವಂತಿಲ್ಲ ಎಂಬ ನಿಯಮವನ್ನು ಮ್ಯಾನೇಜರು ಹೇಳಿದಾಗ ಗೌಡರ ಮುಖ ಬಿದ್ದುಹೋಯಿತು.

“ಹದಿನಾಕಾ?” ಅಂದರು. “ರಾಮದೇವ್ರು ಕಾಡಿಗೋಗಿದ್ದು ಹದಿನಾಕು ವರ್ಸ ಕಣ್ರೀ. ವನವಾಸದ ಲೆಕ್ಕ ಅದು. ಅಷ್ಟು ಕಟ್ಕಂಡು ಹುಲ್ಲೊಳಿಕ್ಕೆ ಹೋದ್ರೆ ಯಾವಾಗ್ ಮನೆಗ್ ಬರಾದು? ಬ್ಯಾಡ. ಹದ್ಮೂರೇ ಸಾಕು. ಬೆಸ ಇರ್ಬೇಕು, ಮದ್ವೇಲಿ ಮುಯ್ಯಿ ಹಾಕ್ದಂಗೆ.”

ಅವತ್ತಿನಿಂದ ಹದಿಮೂರೇ. ಪ್ರತಿ ಭಾನುವಾರ ಬೆಳಿಗ್ಗೆ ಕಾರು ನಿಲ್ಲಿಸುವ ಜಾಗದಲ್ಲಿ ನಮ್ಮದೊಂದು ಜಾತ್ರೆ. ಡಿಕ್ಕಿಯ ಮುಂದೆ ಗೋಣಿ ಹಾಸಿ ಅಷ್ಟೂ ದೊಣ್ಣೆಗಳನ್ನು ಸಾಲಾಗಿ ಮಲಗಿಸುವುದು, ಯಾವ ಹದಿಮೂರು ಅಂತ ಆರಿಸುವುದು. ಮಾವಿನಹಣ್ಣಿನ ತೊಟ್ಟು ಮೂಸುವ ಅಭ್ಯಾಸ. ದೊಣ್ಣೆಯ ತಲೆಯನ್ನೂ ಮೂಸುತ್ತಿದ್ದರು. ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ನಾಲಿಗೆಯಿಂದ ಹೆಬ್ಬೆರಳು ಒದ್ದೆ ಮಾಡಿ ಅದರ ಮುಖ ಉಜ್ಜುತ್ತಿದ್ದರು. ಆ ಹುಲ್ಲಿಗೆ ಏನೇನು ಔಷಧಿ ಹೊಡೆಯುತ್ತಾರೆ ಅಂತ ನನಗೆ ಗೊತ್ತು, ಹೇಳಿಯೂ ಇದ್ದೆ. “ನಮ್ ಬಾಯಿಗ್ ಬಿದ್ರೆ ಆ ಔಸ್ದಿಯೇ ಸತ್ತೋಯ್ತದೆ ಬುಡಿ ಬೀಗ್ರೇ” ಅಂದು ಕೆಂಪು ಹಲ್ಲು ಬಿಟ್ಟು ನಕ್ಕರು. ನಾನು ಆ ಕಡೆ ತಿರುಗಿ ನಿಂತೆ. ಹೀಗೆ ಅರ್ಧ ಗಂಟೆ. ಉಳಿದ ಸದಸ್ಯರು ಮೊದಲ ಗುಂಡಿ ಮುಗಿಸಿರುತ್ತಿದ್ದರು.

ಆರಿಸುವ ಬುದ್ಧಿಯಾದರೂ ನೆಟ್ಟಗಿತ್ತೇ? ಹೊಡೆಯಲು ಬಾರದ ಉದ್ದ ದೊಣ್ಣೆಗಳು ನಾಲ್ಕು ಇರಲೇಬೇಕು, ನೋಡುವವರಿಗೆ ಚೀಲ ಭರ್ತಿಯಾಗಿ ಕಾಣಬೇಕಲ್ಲ. ಆದರೆ ಮರಳಿನ ದೊಣ್ಣೆ ಮಾತ್ರ ಒಂದು ದಿನವೂ ಚೀಲ ಸೇರಲಿಲ್ಲ. “ಮರಳಿನ್ ದೊಣ್ಣೆ ಇಟ್ಕಂಡ್ ಹೋಗಾದು ಅಂದ್ರೆ, ಗುಣಿ ತೋಡ್ಸಿ ಸಾಯಾಕೆ ಕಾಯ್ದಂಗೆ. ಅಪಸಕುನ. ಇಟ್ಕಂಡ್ರೆ ಬೀಳ್ತೀವಿ, ಇಲ್ದಿದ್ರೆ ಯಾಕ್ ಬೀಳ್ತೀವಿ?” ಅಂತ ಅವರ ವಾದ. ಅವರ ಚೆಂಡು ದಿನಾ ಮರಳಿಗೇ ಬೀಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಮರಳು ಹಾಕಿದವನ ಕುಲವನ್ನೆಲ್ಲ ಜಾಲಾಡಿ, ಸಿಕ್ಕಿದ ದೊಣ್ಣೆಯಿಂದ ಅಗೆದು ಅಗೆದು ಚೆಂಡು ಈಚೆ ತೆಗೆದು, ಆಮೇಲೆ ಆ ಶುಭ್ರ ಬಿಳಿ ಮರಳಿಗೆ ಪಿಚಕ್ ಅಂತ ಉಗಿದು, ಅಲ್ಲಿಟ್ಟಿದ್ದ ಕುಂಟೆಯಿಂದ ಮೇಲೆ ಮರಳು ಎಳೆದು ಮುಚ್ಚುತ್ತಿದ್ದರು. ಹಿಂದೆ ಬಂದವರ ಚೆಂಡು ಅದರೊಳಗೆ ಬಿದ್ದು ಕೆಂಪಾಗಿ ಹೊರಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೌಡರು ನಿಂತು ನಗುತ್ತಿದ್ದರು.

ಹೀಗಿರುವಾಗ ಒಂದು ದಿನ ಶೋಭಾ ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು. ತವರಿನಿಂದ ಅವತ್ತೇ ವಾಪಸು ಬಂದಿದ್ದಳು. ಅವಳು ಸುಮ್ಮಸುಮ್ಮನೆ ಹೆದರುವ ಹುಡುಗಿಯಲ್ಲ.

“ಮಾವ, ಅಪ್ಪ ಮುದ್ದೆನ ನೆಲ್ಲಿಕಾಯಿ ಗಾತ್ರಕ್ಕೆ ಮುರ್ಕೊಂಡು ಉಣ್ತಾರೆ. ಮೊದ್ಲು ಹಂಗಿರ್ಲಿಲ್ಲ. ಯಾಕಪ್ಪಾ ಅಂದ್ರೆ ಬಾಯಿ ಪೂರ್ತಿ ತೆಗಿಯಕ್ಕಾಗಲ್ಲ ಕಣವ್ವ ಅಂದ್ರು, ನಗ್ನಗ್ತಾ. ನಾನು ಬೈದೆ, ಅಮ್ಮ ಬೈದ್ರು, ಕೇಳಲ್ಲ. ನಿಮ್ ಮಾತು ಕೇಳ್ತಾರೆ. ಹೆಂಗಾದ್ರೂ ಮಾಡಿ ಆ ಕಡ್ಡಿಪುಡಿ ಬಿಡ್ಸಿ ಮಾವ.”

ಬಾಯಿ ಬಿಗಿಯುತ್ತಿದೆ ಅಂದರೆ ಏನು ಅಂತ ದನದ ಡಾಕ್ಟರಿಗೂ ಗೊತ್ತಾಗುತ್ತದೆ. ನನಗೆ ನಿಜವಾಗಿ ಭಯವಾಯಿತು. ಆದರೆ ಬೀಗರಿಗೆ ಬುದ್ಧಿ ಹೇಳುವುದು ಹೇಗೆ? ಯೋಚಿಸಿ ಯೋಚಿಸಿ ಒಂದು ಉಪಾಯ ಹುಡುಕಿದೆ. ಗೌಡರಿಗೆ ದೊಣ್ಣೆ ಬಿಡುವುದೆಂದರೆ ಕೈ ಬೆರಳು ಕತ್ತರಿಸಿ ಕೊಟ್ಟಷ್ಟು ಸಂಕಟ. ಹಾಗಾದರೆ ಚೀಲದಲ್ಲಿ ಕಡ್ಡಿಪುಡಿ ಪೊಟ್ಟಣ ಸಿಕ್ಕಿದಾಗಲೆಲ್ಲ ಒಂದು ದೊಣ್ಣೆ ನನ್ನ ಪಾಲಾಗಬೇಕು. ಮುಂದೆ ಅದಿಲ್ಲದೆ ಆಡಬೇಕು, ಅದರ ಬದಲಿಗೆ ಇನ್ನೊಂದು ಸೇರಿಸುವಂತಿಲ್ಲ.

ಮಾಗಡಿಗೆ ಹೋಗಿ ನಗುನಗುತ್ತಲೇ ವಿಷಯ ಎತ್ತಿದೆ. ಗೌಡರು ಹೆಗಲ ಮೇಲಿದ್ದ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದರು. ದನದ ಸಂತೆಯಲ್ಲೂ ಮಂಡಿಯಲ್ಲೂ ನಡೆಯುವ ಪದ್ಧತಿ. ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು, ಪಕ್ಕದವರಿಗೆ ತಿಳಿಯಬಾರದು. ಅಲ್ಲಿ ಪಕ್ಕದಲ್ಲಿದ್ದವರು ಪುಟ್ಟತಾಯಮ್ಮ ಒಬ್ಬರೇ. ಪೊಟ್ಟಣಕ್ಕೆ ಎರಡು ದೊಣ್ಣೆ ಅಂತ ನಾನು ಎರಡು ಬೆರಳು ಹಿಡಿದೆ. ಅವರು ಅರ್ಧ ಬೆರಳು ಹಿಡಿದರು. ಅರ್ಧ ದೊಣ್ಣೆ ಹೇಗೆ ಕೊಡುತ್ತೀರಿ ಅಂದೆ. ಕೊನೆಗೆ ಒಂದಕ್ಕೆ ಒಪ್ಪಿದರು. ಯಾವುದನ್ನು ಬಿಡಬೇಕು ಅಂತ ಆರಿಸುವುದು ಅವರ ಹಕ್ಕು. ನನಗೆ ಗೆದ್ದ ಹಿಗ್ಗು.

“ಸರಿ, ಮಾತಾಯ್ತು. ಏಯ್ ಇವ್ಳೇ, ವೀಳ್ಯ ತತ್ತಾ” ಅಂದರು.

ನಮ್ಮ ಕಡೆ ಎಲೆಅಡಿಕೆ ಬದಲಾಯಿಸದೆ ಯಾವ ಮಾತೂ ಗಟ್ಟಿಯಾಗುವುದಿಲ್ಲ. ಪುಟ್ಟತಾಯಮ್ಮ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ ತಂದಿಟ್ಟರು. ನಾನು ಕೊಟ್ಟೆ, ಅವರು ಕೊಟ್ಟರು. ಗೌಡರು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಸೊಂಟದಿಂದ ಪೊಟ್ಟಣ ತೆಗೆದು ಒಂದು ದೊಡ್ಡ ಚಿಟಿಕೆ ಕಡ್ಡಿಪುಡಿ ಸೇರಿಸಿ, ಮಡಚಿ ದವಡೆಗೆ ತಳ್ಳಿಕೊಂಡರು. ಕಡ್ಡಿಪುಡಿ ಬಿಡುವ ಒಪ್ಪಂದದ ವೀಳ್ಯ! ನಾನು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಾ ಕೂತೆ.

“ಯಾಕ್ ಹಂಗ್ ನೋಡೀರಿ?” ಗದ್ದ ಮೇಲೇರಿತು. “ಬೀಗ್ರು ಕೊಟ್ಟ ವೀಳ್ಯ ಹಾಕ್ಕಳ್ದೆ ಇಟ್ರೆ ಮಾತು ಮುರ್ದಂಗೆ. ಇದು ಲೆಕ್ಕಕ್ಕಿಲ್ಲ.”

ಪುಟ್ಟತಾಯಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋಗುವಾಗ ನನ್ನ ಕಡೆ ನೋಡಿದ ನೋಟದಲ್ಲಿ ಕನಿಕರವಿತ್ತು.

ಮುಂದಿನ ಭಾನುವಾರ ಚೆಂಡು ಇಡುವ ಜೇಬಿನಲ್ಲಿ ಪೊಟ್ಟಣ ಸಿಕ್ಕಿತು. ಅದರ ಮುಂದಿನ ವಾರ ಕೈಗವಸಿನ ಬೆರಳಿನೊಳಗೆ. ಆಮೇಲೆ ಛತ್ರಿಯ ಮಡಿಕೆಯಲ್ಲಿ, ಉದ್ದ ದೊಣ್ಣೆಯ ತಲೆಗೆ ಹಾಕುವ ಉಣ್ಣೆಯ ಟೋಪಿಯಲ್ಲಿ. ಹೀಗೆ ಬಚ್ಚಿಡುವಾಗ ಕಳ್ಳ. ಸಿಕ್ಕಿಬಿದ್ದ ಮೇಲೆ ಮಾತ್ರ ಹರಿಶ್ಚಂದ್ರ. ಒಂದು ದಿನವೂ ವಾದ ಹಾಕಲಿಲ್ಲ, ಇನ್ನೊಂದು ಅವಕಾಶ ಕೊಡಿ ಅನ್ನಲಿಲ್ಲ. “ಮಾತು ಅಂದ್ರೆ ಮಾತು” ಅಂದು ಗೋಣಿ ಹಾಸಿ ಕೂರುತ್ತಿದ್ದರು. ಮೊದಲು ಯಾವುದನ್ನು ಒಯ್ಯಲಿ ಅಂತ ಅರ್ಧ ಗಂಟೆ. ಈಗ ಯಾವುದನ್ನು ಕಳೆದುಕೊಳ್ಳಲಿ ಅಂತ ಮುಕ್ಕಾಲು ಗಂಟೆ. ಬಾಣಂತಿ ಮನೆಯಿಂದ ಮಗು ಎತ್ತಿ ಕೊಡುವ ಹಾಗೆ ಎರಡು ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಕೊಟ್ಟ ದುಃಖಕ್ಕೆ ಇನ್ನೊಂದು ಚಿಟಿಕೆ.

ಮೊದಲು ಹೋದದ್ದು ಆ ಭರ್ತಿಯ ಉದ್ದ ದೊಣ್ಣೆಗಳು. ಆಮೇಲೆ ಎರಡೆರಡಿದ್ದ ನಂಬರಿನವು. ಹದಿಮೂರು ಹತ್ತಾಯಿತು, ಹತ್ತು ಏಳಾಯಿತು. ಏಳಕ್ಕೆ ಇಳಿಯುವ ಹೊತ್ತಿಗೆ ನಾನು ಕನಸಿನಲ್ಲೂ ಎಣಿಸದ ಒಂದು ಅನಾಹುತವಾಯಿತು. ಗೌಡರ ಆಟ ಸುಧಾರಿಸಿಬಿಟ್ಟಿತು! ಯಾವ ದೊಣ್ಣೆ ಅಂತ ತಡಕಾಡುವುದು ತಪ್ಪಿ, ಕೈಗೆ ಪಳಗಿದ ನಾಲ್ಕೈದರಲ್ಲೇ ಹೊಡೆಯತೊಡಗಿದರು. ಅದರಲ್ಲೂ ಏಳನೇ ನಂಬರಿನ ಕಬ್ಬಿಣದ ದೊಣ್ಣೆ ಅವರ ಕೈಯಲ್ಲಿ ಹೇಳಿದ ಮಾತು ಕೇಳುತ್ತಿತ್ತು. ಚೆಂಡು ಮರಳಿನ ಕಡೆ ತಲೆ ಹಾಕಲಿಲ್ಲ. ಆ ತಿಂಗಳ ಪಂದ್ಯದಲ್ಲಿ ಗೌಡರೇ ಮೊದಲು ಬಂದರು.

ಕಪ್ ಕೊಟ್ಟಾಗ ಎರಡು ಮಾತಾಡಿ ಅಂದರು. ಗೌಡರು ಆಕಾಶ ನೋಡಿದರು. “ಇದ್ಕೆಲ್ಲಾ ನಮ್ ಬೀಗ್ರೇ ಕಾರ್ಣ. ನನ್ ಹೊರೆ ಇಳ್ಸುದ್ರು. ಇನ್ನೊಂದ್ ಕಾರ್ಣ ಐತೆ, ಅದು ನನ್ ಸೊಂಟದಾಗೈತೆ.” ಜನ ಚಪ್ಪಾಳೆ ತಟ್ಟಿದರು, ಪಾಪ, ಅವರಿಗೇನು ಗೊತ್ತು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ.

ವಾಪಸು ಬರುವಾಗ ನನ್ನ ಕಾರು. ಏಸಿ ಹಾಕಿ ಗಾಜು ಏರಿಸಿದ್ದೆ. ಗೌಡರು ಎರಡು ಸಲ ಗಾಜಿನ ಕಡೆ ನೋಡಿದರು, ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಮಡಿಲಲ್ಲಿದ್ದ ಕಪ್ಪಿನ ಮುಚ್ಚಳ ತೆಗೆದು ಅದರೊಳಗೆ ಉಗಿದರು. ಮುಚ್ಚಳ ಹಾಕಿ, ಒರೆಸಿ, ಮತ್ತೆ ಮಡಿಲಲ್ಲಿಟ್ಟುಕೊಂಡರು. “ಕಾರು ಗಲೀಜಾಗ್ಬಾರ್ದು ನೋಡಿ” ಅಂದರು. ಗೆದ್ದ ಕಪ್ಪು! ನಾನು ರಸ್ತೆ ಪಕ್ಕ ಕಾರು ನಿಲ್ಲಿಸಿ, ಕೆಳಗಿಳಿದು, ಹುಣಸೇಮರದ ಬುಡದಲ್ಲಿ ನಿಂತು ಗಾಳಿ ಕುಡಿದೆ. ಹುಳ ಬಿದ್ದ ಗೊರಸಿಗೆ ಬಾರದ ವಾಂತಿ ಅವತ್ತು ಗಂಟಲ ತನಕ ಬಂದು ನಿಂತಿತ್ತು. ಅವರೂ ಇಳಿದು ಬಂದು ಬೆನ್ನು ಸವರಿ “ಪಿತ್ತ ಆಗೈತೆ ಬೀಗ್ರೇ, ಒಸಿ ಜೀರ್ಗೆ ಬಾಯಿಗ್ ಹಾಕ್ಕಳಿ” ಅಂದರು. ನಿಜವಾದ ಕಾಳಜಿಯಿಂದಲೇ ಅಂದರು. ಅದೇ ಕಷ್ಟ ಅವರದು; ಪೂರ್ತಿ ದ್ವೇಷಿಸಲೂ ಬಿಡುತ್ತಿರಲಿಲ್ಲ.

ಮನೆಯಲ್ಲಿ ಶೋಭಾ ಏನಾಯಿತು ಅಂತ ಕೇಳಿದಾಗ ನನಗೆ ಮುಖ ತೋರಿಸಲು ಆಗಲಿಲ್ಲ. ಅಪ್ಪನ ಬಾಯಿ ಇನ್ನಷ್ಟು ಬಿಗಿದಿದೆ, ಈಗ ಮುದ್ದೆ ಬಿಟ್ಟು ಗಂಜಿಯಂಥದ್ದನ್ನೇ ಕೇಳುತ್ತಾರೆ ಅಂತ ಅವಳೇ ಹೇಳಿದಳು. ಮುಂದಿನ ಭಾನುವಾರ ಪೊಟ್ಟಣ ಸಿಕ್ಕಿದಾಗ ನಾನು ಒಪ್ಪಂದ ತಿದ್ದಿದೆ. “ಇವತ್ತಿಂದ ಆರಿಸುವುದು ನಾನು” ಅಂದು ನೇರವಾಗಿ ಏಳನೇ ನಂಬರಿನ ದೊಣ್ಣೆಗೆ ಕೈ ಹಾಕಿದೆ. ಗೌಡರ ಮುಖ ಬಿಳಿಚಿಕೊಂಡಿತು.

“ಬೀಗ್ರೇ, ಅದೊಂದ್ ಬುಡಿ. ಬೇಕಾದ್ರೆ ಮಿಕ್ಕಿದ್ದ ಅಷ್ಟೂ ತಕ್ಕಳಿ.”

“ಕಡ್ಡಿಪುಡಿ ಬಿಡಿ, ಅಷ್ಟೂ ವಾಪಸು ಕೊಡುತ್ತೇನೆ.”

ಗೌಡರು ಗೋಣಿ ಸುತ್ತಿ ಡಿಕ್ಕಿಗೆ ಹಾಕಿದರು. ಅವತ್ತು ಆಡಲೂ ಇಲ್ಲ. ಆಮೇಲೆ ಮೂರ್ನಾಲ್ಕು ವಾರ ಮೈದಾನದ ಕಡೆ ಸುಳಿಯಲಿಲ್ಲ. ಶೋಭಾ ಮಾಗಡಿಗೆ ಹೋಗಿ ಮನೆಯನ್ನೆಲ್ಲ ಜಾಲಾಡಿ ಬಂದಳು. ಒಂದು ಪೊಟ್ಟಣ ಇಲ್ಲ, ಸುಣ್ಣದ ಡಬ್ಬಿ ಒಣಗಿದೆ ಅಂತ ಹಿಗ್ಗಿ ಹೇಳಿ, ಅವತ್ತು ಪಾಯಸ ಮಾಡಿದಳು. ಒಂದು ಭಾನುವಾರ ಗೌಡರೇ ಬಂದು ಕೈ ಮುಗಿದರು. “ಬುಟ್ಬುಟ್ಟೆ ಕಣ್ರೀ” ಅಂದರು. ಹಲ್ಲು ಸ್ವಲ್ಪ ಬೆಳ್ಳಗಾಗಿತ್ತು. ಮಾತಾಡುವಾಗ ಆಕಾಶ ನೋಡಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಏಳನೇ ನಂಬರಿನದನ್ನು ಅಲ್ಲೇ ಕೈಗೆ ಕೊಟ್ಟೆ.

ಎರಡನೇ ಗುಂಡಿ ಮುಗಿಯಿತು, ಮೂರನೆಯದು ಮುಗಿಯಿತು. ನಾಲ್ಕನೆಯದರ ಹತ್ತಿರ ಒಂದು ಹಳೆಯ ಹೊಂಗೆಮರ. “ಒಂದಕ್ ಹೋಗ್ಬತ್ತೀನಿ” ಅಂತ ಗೌಡರು ಮರದ ಹಿಂದೆ ಹೋದರು. ವಾಪಸು ಬಂದಾಗ ಚೆಂಡು ಎಲ್ಲಿ ಬಿತ್ತು ಅಂತ ಕೇಳಿದೆ. ಗೌಡರ ಗದ್ದ ಮೆಲ್ಲಗೆ ಮೇಲೇರಿತು.

ನಾನು ಓಡಿ ಹೋಗಿ ನೋಡಿದೆ. ಹೊಂಗೆಯ ಪೊಟರೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಪೊಟ್ಟಣಗಳು, ಸುಣ್ಣ, ಹಸಿ ಬಟ್ಟೆಯಲ್ಲಿ ಸುತ್ತಿದ ಎಲೆ.

“ಚೀಲ್ದಲ್ ಸಿಕ್ರೆ ಅಂತ ಅಲ್ವಾ ಮಾತಾಗಿದ್ದು? ಇದು ಮರ” ಅಂದರು ಗೌಡರು, ಆಕಾಶಕ್ಕೆ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಜಾತಿ. ನನಗೆ ತಲೆ ಕೆಟ್ಟುಹೋಯಿತು. ಬೀಗರು, ಹೆಣ್ಣು ಕೊಟ್ಟವರು, ಎಲ್ಲ ಮರೆತು, ಎತ್ತಿನ ಹಲ್ಲು ನೋಡಲು ಹಿಡಿಯುವಂತೆ ಎಡಗೈಯಲ್ಲಿ ಅವರ ದವಡೆ ಹಿಡಿದು “ಉಗೀರಿ!” ಅಂತ ಗದರಿದೆ. ಉಗಿದರು. ಹೆಬ್ಬೆರಳು ಹಾಕಿ ಬಾಯಿ ತೆಗೆಸಲು ನೋಡಿದೆ. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಆ ಸಂದಿಯಲ್ಲಿ ಎಡಗೆನ್ನೆಯ ಒಳಗೆ ಬೆಳ್ಳನೆಯ ಚರ್ಮ, ಅದರ ನಡುವೆ ಅಂಚು ಗಟ್ಟಿಯಾದ ಒಂದು ಹುಣ್ಣು. ವಾಸನೆಯೂ ಬಂತು. ಅದು ಎಲೆಅಡಿಕೆಯ ವಾಸನೆಯಲ್ಲ.

“ಎಷ್ಟು ದಿನದಿಂದ?”

“ಮೆಣ್ಸಿನ್ಕಾಯಿ ಕಚ್ಚಿದ್ದು. ವಾಸಿ ಆಯ್ತದೆ.” ಅವರು ಮೊದಲ ಸಲ ನನ್ನ ಕಣ್ಣು ತಪ್ಪಿಸಿ ನೆಲ ನೋಡಿದರು. “ಮಗೀಗ್ ಯೋಳ್ಬ್ಯಾಡಿ.”

ಹೇಳದೆ ಇರಲು ಸಾಧ್ಯವೇ? ಅವತ್ತೇ ಹೇಳಿದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ನಾವೇ ಕರೆದುಕೊಂಡು ಹೋದೆವು. ಎಡಗಡೆಯ ದವಡೆಯ ಅರ್ಧ ತೆಗೆದರು. ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಬ್ಯಾಂಡೇಜು ಬಿಚ್ಚಿದ ದಿನ ಗೌಡರು ಕನ್ನಡಿ ಕೇಳಿ, ನೋಡಿಕೊಂಡು, ಬೆರಳಿನಿಂದ ಹೊಸ ಕೆನ್ನೆ ಮುಟ್ಟಿದರು. ಎದೆಯ ಕೂದಲು ಅಲ್ಲೂ ಬೆಳೆಯುತ್ತಿತ್ತು. ಮಾತು ಹೋಗಿತ್ತು, ಬರೀ ಗೊರಗೊರ ಶಬ್ದ. ತುಟಿಯ ಎಡ ತುದಿಯಿಂದ ಜೊಲ್ಲು ಸುರಿಯುತ್ತಲೇ ಇರುತ್ತಿತ್ತು, ಪುಟ್ಟತಾಯಮ್ಮ ಒರೆಸುತ್ತಲೇ ಇರುತ್ತಿದ್ದರು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಸಲ ಮೈದಾನಕ್ಕೆ ಕರೆದುಕೊಂಡು ಹೋದೆ. ಆಡಲಿಲ್ಲ, ಕ್ಯಾಂಟೀನಿನ ಜಗಲಿಯಲ್ಲಿ ಕೂತು ಹುಲ್ಲು ನೋಡಿದರು. ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, ಊಟ ಮಾಡುವವರಿಗೆ ಒಂಥರಾ ಆಗುತ್ತದಂತೆ ಸಾರ್, ಆ ಕಡೆ ಕೂರಿಸಿದರೆ ಒಳ್ಳೆಯದು ಅಂದ. ಇವರು ಮರಳಿಗೆಲ್ಲ ಉಗಿದು ಮುಚ್ಚುವಾಗ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಆಗ ಮಂಡಿಯ ಗೌಡರು, ಸೀಸನ್ನಿನಲ್ಲಿ ಎಲ್ಲರ ಕಾರಿಗೂ ಒಂದೊಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಇಡಿಸುತ್ತಿದ್ದವರು. ಈಗ ತಡೆಯಲಾಗದೆ ಸುರಿಯುವ ಜೊಲ್ಲು ಇವರಿಗೆ ಅಸಹ್ಯ. ಥೂ! ನಾನು ಗೌಡರನ್ನು ಎಬ್ಬಿಸಿಕೊಂಡು ಬಂದೆ. ಆ ಕಡೆ ಮತ್ತೆ ತಲೆ ಹಾಕಿಲ್ಲ.

ಮಾವಿನ ಹೂ ಉದುರಿ ಪೀಚು ಕಟ್ಟುವ ಹೊತ್ತಿಗೆ ಕಾಯಿಲೆ ಕುತ್ತಿಗೆಗೆ ಇಳಿದಿತ್ತು. ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು. ಶೋಭಾ ಮಾಗಡಿಯಲ್ಲೇ ಉಳಿದಳು. ಮಂಡಿಯ ಬಾಗಿಲು ಇನ್ನೂ ಮುಚ್ಚಿದೆ. ಗೌಡರು ಆ ಸೀಸನ್ ನೋಡಲಿಲ್ಲ. ಅವರು ಹೋಗುವ ನಾಲ್ಕು ದಿನ ಮುಂಚೆ ನಾನು ಹೋದದ್ದೇ ಕೊನೆಯ ಭೇಟಿ.

ನನ್ನ ಮನೆಯಲ್ಲಿ ಜಪ್ತಿಯಾಗಿ ಬಿದ್ದಿದ್ದ ದೊಣ್ಣೆಗಳನ್ನೆಲ್ಲ ಕಟ್ಟಿಕೊಂಡು ಹೋಗಿದ್ದೆ. “ಒಪ್ಪಂದ ಮುಗೀತು ಬೀಗರೇ, ತಗೊಳ್ಳಿ, ನಿಮ್ಮ ಆಸ್ತಿ” ಅಂತ ಹಾಸಿಗೆಯ ಮೇಲೆ ಅವರ ಕಾಲಿನ ಉದ್ದಕ್ಕೂ ಸಾಲಾಗಿ ಇಟ್ಟೆ. ಗೌಡರ ಕಣ್ಣು ಅರಳಿತು. ಚೀಲ ತಾ ಅಂತ ಸನ್ನೆ ಮಾಡಿದರು. ಗೋಡೆಗೆ ಒರಗಿಸಿದ್ದ ಚೀಲ ತಂದು ಮಂಚದ ಪಕ್ಕ ನಿಲ್ಲಿಸಿದೆ. ಒಂದೊಂದನ್ನೇ ಎತ್ತಿ, ಮುಖ ನೋಡಿ, ಮೂಗಿನ ಹತ್ತಿರ ಹಿಡಿದು, ಬೇಕಾದ್ದನ್ನು ಚೀಲಕ್ಕೆ ಹಾಕಿಸಿದರು. ಬೇಡದ್ದನ್ನು ತಳ್ಳಿದರು. ಎಷ್ಟು ಹೊತ್ತು ಹಿಡಿಯಿತೋ. ಅವರದೇ ಮನೆಯ ಮೂಲೆಯಲ್ಲಿ ಬಿದ್ದಿದ್ದ ಮರಳಿನ ದೊಣ್ಣೆಯನ್ನು ನಾನು ಬೇಕೆಂದೇ ಮುಂದೆ ಹಿಡಿದಾ‌ಗ ಕೈ ಅಡ್ಡ ಆಡಿಸಿದರು. ಸುಸ್ತಾಗಿ ಜಾರುತ್ತಿದ್ದರು. ಬೆನ್ನಿಗೆ ಒತ್ತು ಕೊಡೋಣ ಅಂತ ಒಂದು ಕೈಯಲ್ಲಿ ಅವರನ್ನು ಎತ್ತಿ ಇನ್ನೊಂದು ಕೈಯಲ್ಲಿ ದಿಂಬು ಸರಿಸಿದೆ.

ಅಡಿಯಲ್ಲಿ ಪೊಟ್ಟಣವಿತ್ತು. ಒಡೆದಿತ್ತು. ಅರ್ಧ ಖಾಲಿಯಾಗಿತ್ತು. ಬಲಗಡೆಯ ಕೆನ್ನೆ ಇನ್ನೂ ಉಳಿದಿತ್ತಲ್ಲ.

ಯಾರು ತಂದುಕೊಟ್ಟರೋ, ನಾನು ಕೇಳಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಸಾಯುತ್ತಿರುವವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿದ್ದು ಅದೊಂದೇ ಸಲ. ಆ ಕೆನ್ನೆಗಳಲ್ಲಿ ಹೊಡೆಯಲಾದರೂ ಏನು ಉಳಿದಿತ್ತು? ಪೊಟ್ಟಣ ಹಿಡಿದುಕೊಂಡು ನಿಂತೆ. ಗೌಡರು ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ಮೆಲ್ಲಗೆ ಚೀಲದ ಕಡೆ ತಿರುಗಿ ದೊಣ್ಣೆಗಳ ತಲೆಯ ಮೇಲೆ ಕೈಯಾಡಿಸಿದರು. ಒಂದನ್ನು ಹಿಡಿದು ಬಿಟ್ಟರು, ಇನ್ನೊಂದನ್ನು ಹಿಡಿದು ಬಿಟ್ಟರು. ಆಮೇಲೆ ಏಳನೇ ನಂಬರಿನದನ್ನು, ಎರಡು ಸಲ ತಡೆದು ತಡೆದು, ಈಚೆ ಎಳೆದು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

ತೆಗೆದುಕೊಂಡೆ. ತೆಗೆದುಕೊಳ್ಳದೆ ಇನ್ನೇನು ಮಾಡಲಿ? ಅವರು ಕಣ್ಣು ಮುಚ್ಚಿಕೊಂಡರು.

ಹೊರಗೆ ಬಂದೆ. ನಡುಮನೆಯಲ್ಲಿ ಶೋಭಾ ಲೋಟದಲ್ಲಿದ್ದ ಬಿಸಿ ಗಂಜಿ ಆರಿಸುತ್ತಾ ನಿಂತಿದ್ದಳು. ಅಷ್ಟೂ ದೊಣ್ಣೆ ಕೊಟ್ಟು ಬರುತ್ತೇನೆ ಅಂತ ನಾನು ಒಳಗೆ ಹೋದದ್ದು ಅವಳಿಗೆ ಗೊತ್ತಿತ್ತು. ಅವಳು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ದೊಣ್ಣೆಯನ್ನು ನೋಡಿದಳು.

“ಎಲ್ಲಿತ್ತು ಮಾವ?”

“ದಿಂಬಿನ ಕೆಳಗೆ.”

“ಥೂ” ಅಂದಳು. ವೇಲಿನ ತುದಿಯಿಂದ ಮೂಗು ಒರೆಸಿಕೊಂಡು, ಲೋಟಕ್ಕೆ ಬೆರಳು ತಾಗಿಸಿ ಬಿಸಿ ನೋಡಿ, ಅಪ್ಪನಿಗೆ ಗಂಜಿ ಕುಡಿಸಲು ಒಳಗೆ ಹೋದಳು.